ವಿಷ ಹೋಯ್ತು, ವಿಷಯ ಉಳೀತು

“ಮೇಷ್ಟ್ರೇ, ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷದ ಕಸ ಖಾಲಿಯಾಯ್ತಂತೆ!”

“ಖಾಲಿಯಲ್ಲ ಕಿಟ್ಟಿ, ವರ್ಗಾವಣೆ. 1984ರ ವಿಷಾನಿಲ ದುರಂತವಾಗಿ 40 ವರ್ಷ ಕಳೆದ ಮೇಲೆ, 2025ರ ಜನವರಿಯಲ್ಲಿ 337 ಟನ್ ಕಸ 12 ಕಂಟೇನರ್ ಹತ್ತಿ ಪೀಥಂಪುರಕ್ಕೆ ಹೊರಟಿತು. ಆಂಬುಲೆನ್ಸಿಗೂ ಸಿಗದ ಮರ್ಯಾದೆ, ರಸ್ತೆ ಬಿಡಿಸಿ ಕಳಿಸಿದರು! ಅಲ್ಲಿ ಸುಣ್ಣ ಬೆರೆಸಿ ಸುಟ್ಟರು. ಈಗ ಕಸಕ್ಕಿಂತ ಬೂದಿಯೇ ಭಾರ. ‘ಭೋಪಾಲವಾದರೂ ಚೊಕ್ಕಟವಾಯ್ತಲ್ಲ’ ಅಂತೀಯೇನೋ. ಲಾರಿ ಹತ್ತಿದ್ದು ಮೂಟೆ ಕಟ್ಟಿಟ್ಟಿದ್ದ ಕಸ ಮಾತ್ರ. ಮಣ್ಣಿಗೂ ಅಂತರ್ಜಲಕ್ಕೂ ಇಳಿದಿದ್ದನ್ನು ಮೂಟೆ ಕಟ್ಟೋಕಾಗುತ್ತಾ?”

“ಸುಡೋ ಖರ್ಚು ಕಂಪನಿಯದ್ದೇ ತಾನೆ?”

“ಸರ್ಕಾರದ್ದು ಕಣೋ, ಅಂದ್ರೆ ನಿಂದು, ನಂದು. ಕಂಪನಿ 1989ರಲ್ಲೇ 47 ಕೋಟಿ ಡಾಲರ್ ಪರಿಹಾರ ಕೊಟ್ಟು ಕೈ ತೊಳೆದುಕೊಂಡಿತು.”

“ಆ ಕೈ ತೊಳೆದ ನೀರನ್ನ ಎಲ್ಲಿ ಚೆಲ್ಲಿದ್ರು ಮೇಷ್ಟ್ರೇ?”