ಪರೀಕ್ಷಾಪೂರ್ವ ಭೋಜನ ಮೀಮಾಂಸೆ

ಮಕ್ಕಳನ್ನು ಪ್ರವೇಶ ಪರೀಕ್ಷೆಗೆ ಕಳಿಸುವ ಮುನ್ನ ಏನು ತಿನ್ನಿಸಬೇಕು ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಮುಟ್ಟದೆ ಬಿಟ್ಟದ್ದಕ್ಕೆ ಒಂದೇ ಸಮಾಧಾನ ಹೇಳಬಹುದು: ಅವರ ಕಾಲದಲ್ಲಿ ಗುರುಕುಲ ಸೇರಲು ಓಎಂಆರ್ ಹಾಳೆ ಇರಲಿಲ್ಲ, ಕೈಯಲ್ಲಿ ಸಮಿತ್ತು ಹಿಡಿದು ಹೋದರೆ ಸಾಕಿತ್ತು. ಈಗ ಸೈನಿಕ ಶಾಲೆಯ ಆರನೇ ತರಗತಿಗೆ ಸೇರಬೇಕಾದ ಕೂಸು 150 ನಿಮಿಷದಲ್ಲಿ 125 ಪ್ರಶ್ನೆಗಳನ್ನು ಎದುರಿಸಿ 300 ಅಂಕಕ್ಕೆ ಸೆಣಸಬೇಕು. ನವೋದಯಕ್ಕಾದರೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಇಂಥ ಯುದ್ಧಕ್ಕೆ ಎಷ್ಟು ಇಡ್ಲಿ? ವಿಚಾರಕ್ಕೆ ವಿಜಯವಾಡ, ವಿಶಾಖಪಟ್ಟಣಗಳನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಮೊದಲನೆಯ ಊರಿನ ಸುತ್ತ ಕೃಷ್ಣಾ ಬಯಲಿನಲ್ಲಿ ಭತ್ತದ ಜೊತೆಗೆ ಕೋಚಿಂಗೂ ಒಂದು ಬೆಳೆ; ಎರಡನೆಯದರ ಮಗ್ಗುಲಲ್ಲೇ, ವಿಜಯನಗರಂ ಜಿಲ್ಲೆಯ ಕೋರುಕೊಂಡದಲ್ಲಿ, 1962ರಿಂದ ಸೈನಿಕ ಶಾಲೆಯಿದೆ. ಆಂಧ್ರ ವಿಶ್ವವಿದ್ಯಾಲಯವೂ 1926ರಲ್ಲಿ ಬೆಜವಾಡದಲ್ಲಿ, ಅಂದರೆ ವಿಜಯವಾಡದಲ್ಲಿ, ಹುಟ್ಟಿ 1930ರಲ್ಲಿ ವಿಶಾಖಪಟ್ಟಣದ ವಾಲ್ತೇರಿಗೆ ಗಂಟುಮೂಟೆ ಕಟ್ಟಿತು. ಅದರ ಮೊದಲ ಕುಲಪತಿ, ಮೈಸೂರಿನ ವಿದ್ಯಾ ಇಲಾಖೆಯಲ್ಲಿ ದುಡಿದು ಹೋಗಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿ. ವಿದ್ಯೆಯೇ ಊಟ ಹುಡುಕಿಕೊಂಡು ಊರು ಬಿಟ್ಟಿತು ಎಂದು ವಾದಿಸುವ ಆಸೆಯನ್ನು ಹತ್ತಿಕ್ಕಿದ್ದೇನೆ, ಪ್ರಬಂಧಕ್ಕೆ ಗಾಂಭೀರ್ಯ ಬೇಕಲ್ಲ. ನ್ಯಾಯಶಾಸ್ತ್ರದ ಪದ್ಧತಿಯಂತೆ ಪ್ರತಿಜ್ಞೆಯನ್ನು ಮೊದಲೇ ಹೇಳಿಬಿಡುತ್ತೇನೆ: ಪರೀಕ್ಷೆಯ ದಿನ ತಿನ್ನಿಸಬೇಕಾದುದು ಮಗುವಿಗಲ್ಲ, ತಿನ್ನಿಸುವವರಿಗೆ.

ಮೊದಲು ಆಪ್ತವಾಕ್ಯ, ಅಂದರೆ ಅಜ್ಜಿ. ಬೆಂಡೆಕಾಯಿ ತಿಂದರೆ ಲೆಕ್ಕ ಬರುತ್ತದೆ ಎಂಬ ವಿಷಯದಲ್ಲಿ ಕನ್ನಡದ ಅಜ್ಜಿಗೂ ತೆಲುಗಿನ ಅಮ್ಮಮ್ಮನಿಗೂ ಭಿನ್ನಾಭಿಪ್ರಾಯವಿಲ್ಲ. ಕೃಷ್ಣಾ ನೀರಿನಲ್ಲಿ ಆಗದ ಒಮ್ಮತ ಬೆಂಡೆಯಲ್ಲಿ ಆಗಿದೆ. ಪ್ರತ್ಯಕ್ಷ ಪ್ರಮಾಣವೂ ಉಂಟು. ಎಳೆ ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ನೋಡಿ, ಐದು ಮೂಲೆಯ ಹಸಿರು ಬಿಲ್ಲೆ. ಒಳಗೆ ಐದು ಕೋಣೆ, ಕೋಣೆಯಲ್ಲಿ ಮುತ್ತಿನಂಥ ಬಿಳಿ ಬೀಜ, ಚಾಕುವಿನ ಅಲಗಿಗೆ ಎಳೆಎಳೆಯಾಗಿ ಜೋತ ಲೋಳೆ. ಪಂಚಭುಜಾಕೃತಿಯನ್ನು ಹೊಟ್ಟೆಯಲ್ಲೇ ಹೊತ್ತ ತರಕಾರಿ ರೇಖಾಗಣಿತ ಕಲಿಸದೆ ಇನ್ನೇನು ಕಲಿಸೀತು? ಲೋಳೆ ಮಗ್ಗಿಯನ್ನು ಮೆದುಳಿಗೆ ಅಂಟಿಸುತ್ತದೆ ಎಂಬುದು ಪೂರ್ವಪಕ್ಷ. ಆದರೆ ಅದೇ ಅಜ್ಜಿ ಲೋಳೆ ಹೋಗಲಿ ಎಂದು ಒಂದಿಷ್ಟು ಹುಣಸೆಹುಳಿ ಹಿಂಡಿ ಗರಿಗರಿಯಾಗುವವರೆಗೂ ಹುರಿಯುತ್ತಾಳೆ. ಅಂಟೇ ಹೋದಮೇಲೆ ಅಂಟಿಸುವುದೇನನ್ನು? ಒಂದೆಲಗದ ಕಥೆ ಇನ್ನೂ ಸೂಕ್ಷ್ಮ. ನಾವು ಎಲೆ ಎಣಿಸಿ ಒಂದೆಲಗ ಎಂದ ಗಿಡವನ್ನೇ ತೆಲುಗರು ಸರಸ್ವತಿ ಆಕು ಎಂದರು. ನಾವು ಅದನ್ನು ತಂಬುಳಿ ಮಾಡಿ ಊಟದ ಮೊದಲು ಸುರಿದುಕೊಂಡು ಮರೆತೆವು. ಅವರು ಹೆಸರಿನಲ್ಲೇ ದೇವಿಯನ್ನು ಕೂರಿಸಿದರು. ನಮ್ಮದು ಸಸ್ಯಶಾಸ್ತ್ರ, ಅವರದು ಫಲಿತಾಂಶ. ಗಿಡ ಒಂದೇ ಆದ್ದರಿಂದ, ವ್ಯತ್ಯಾಸ ಎಲೆಯಲ್ಲಿ ಇಲ್ಲ, ಎಲೆಯನ್ನು ಕೊಡುವ ಕೈಯಲ್ಲಿ ಇದೆ ಎಂದು ಸದ್ಯಕ್ಕೆ ಗುರುತು ಹಾಕಿಕೊಳ್ಳೋಣ.

ವ್ಯತಿರೇಕಕ್ಕೆ ಉದಾಹರಣೆ ಬೇಕಲ್ಲ, ಅದು ಶ್ರೀನಿವಾಸ ರಾಮಾನುಜನ್. 1905ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಕುಂಭಕೋಣದ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕಳೆದುಕೊಂಡು ಮನೆಬಿಟ್ಟು ಓಡಿದ ಆ ಹುಡುಗ ಬಂದು ಸೇರಿದ ಊರು ಬೇರಾವುದೂ ಅಲ್ಲ, ವಿಶಾಖಪಟ್ಟಣ. ಕಟ್ಟಾ ಸಸ್ಯಾಹಾರಿ ಮನೆಯ ಮಗು ಬೆಂಡೆಕಾಯಿಯಿಂದ ತಪ್ಪಿಸಿಕೊಂಡಿರಲಾರದು. ಲೆಕ್ಕವೇನೋ ಬಂತು, ಜಗತ್ತೇ ಕಣ್ಣರಳಿಸುವಷ್ಟು ಬಂತು. ಪರೀಕ್ಷೆ ಬರಲಿಲ್ಲ: ಮುಂದೆ ಮದ್ರಾಸಿನಲ್ಲಿ ಕಟ್ಟಿದ ಎಫ್.ಎ. ಪರೀಕ್ಷೆಯಲ್ಲಿ 1906ರಲ್ಲೂ ನಪಾಸು, 1907ರಲ್ಲೂ ನಪಾಸು. ಶರೀರಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಜೀರ್ಣಾಂಗದ ಪಾಠ ತನಗೆ ಜೀರ್ಣವಾಗಿಲ್ಲ ಎಂದು ಬರೆದಿಟ್ಟು ಬಂದರೆಂಬ ಕಥೆಯೂ ಉಂಟು. ಪರೀಕ್ಷೆಗೂ ಹೊಟ್ಟೆಗೂ ಇರುವ ಸಂಬಂಧದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ವಾಕ್ಯ ನಮ್ಮ ಶೈಕ್ಷಣಿಕ ಚರಿತ್ರೆಯಲ್ಲಿ ಇರಲಾರದು. ಬೆಂಡೆಕಾಯಿ ರಾಯಲ್ ಸೊಸೈಟಿಯವರೆಗೂ ಒಯ್ದೀತು, ಎಫ್.ಎ. ದಾಟಿಸಲಾರದು ಎಂಬಷ್ಟು ನಿರ್ಣಯಕ್ಕೆ ಇಷ್ಟು ಸಾಕು.

ಬೆಳಗಿನ ತಿಂಡಿಯ ಪಂಥಗಳೆಲ್ಲ ಒಂದೇ ಏಟಿಗೆ ಬೀಳುವುದು ವೇಳಾಪಟ್ಟಿಯಲ್ಲಿ. ನೆನೆಸಿದ ಬಾದಾಮಿ, ಮೊಸರು-ಸಕ್ಕರೆ, ಬೆಣ್ಣೆ ಇಡ್ಲಿ ಎಂದು ಏಳು ಗಂಟೆಗೇ ಗದ್ದಲ ಎಬ್ಬಿಸುವವರು ಪ್ರವೇಶಪತ್ರವನ್ನು ಸರಿಯಾಗಿ ಓದಿರುವುದಿಲ್ಲ. ಸೈನಿಕ ಶಾಲೆಯ ಆರನೇ ತರಗತಿ ಪರೀಕ್ಷೆ ಶುರುವಾಗುವುದು ಮಧ್ಯಾಹ್ನ 2ಕ್ಕೆ, ಮುಗಿಯುವುದು 4.30ಕ್ಕೆ. 2025ರಲ್ಲಿ ಅದು ನಡೆದದ್ದು ಏಪ್ರಿಲ್‌ನಲ್ಲಿ; ಏಪ್ರಿಲ್‌ನ ಮಧ್ಯಾಹ್ನ ಬೆಜವಾಡ ಎಂದರೇನೆಂದು ಇಂದ್ರಕೀಲಾದ್ರಿಯ ಕಲ್ಲಿನ ಮೇಲೆ ಬರಿಗಾಲಿಟ್ಟವರು ಬಲ್ಲರು. ಆದ್ದರಿಂದ ಪ್ರಶ್ನೆ ತಿಂಡಿಯದಲ್ಲ, ಊಟದ್ದು. ಅಲ್ಲಿಯ ಊಟವೆಂದರೆ ಮುದ್ದಪಪ್ಪು, ಆವಕಾಯ, ಮೇಲೆ ತುಪ್ಪ, ಕೊನೆಗೆ ಗಟ್ಟಿ ಮೊಸರು. ಅದನ್ನು ಉಂಡವರಿಗೆ ಎರಡು ಗಂಟೆಗೆ ಹಾಸಿಕೊಡಬೇಕಾದುದು ಚಾಪೆ, ಓಎಂಆರ್ ಅಲ್ಲ. ನವೋದಯದ್ದು 11.30ರಿಂದ 1.30: ತಿಂಡಿ ಕರಗಿ ಊಟ ಬಾರದ ಸಂಧಿಕಾಲ. ಹಗಲೂ ಅಲ್ಲದ, ಇರುಳೂ ಅಲ್ಲದ ಹೊತ್ತನ್ನೇ ಹುಡುಕಿ ಕೆಲಸ ಮುಗಿಸಿದ ನರಸಿಂಹ ವಿಶಾಖಪಟ್ಟಣದ ಸಿಂಹಾಚಲದಲ್ಲೇ ನೆಲೆಸಿರುವುದರಿಂದ ಈ ವೇಳಾಪಟ್ಟಿಗೆ ಸ್ಥಳೀಯ ಬೆಂಬಲವಿದೆ ಎಂದು ಊಹಿಸಬೇಕು.

ಪೆಸರಟ್ಟು ಪಂಥದವರು ಇಲ್ಲಿ ಎದ್ದು ನಿಲ್ಲುತ್ತಾರೆ. ನೆನೆಸಿದ ಹೆಸರುಕಾಳು, ಶುಂಠಿ, ಹಸಿಮೆಣಸಿನಕಾಯಿ ರುಬ್ಬಿ ಹುಯ್ದ ದೋಸೆ. ಅದರ ಮಡಿಲಲ್ಲಿ ಉಪ್ಪಿಟ್ಟು. ಶಾಸಕರ ವಸತಿಗೃಹದಲ್ಲಿ ಹುಟ್ಟಿದ್ದರಿಂದ ಅದಕ್ಕೆ ಎಂಎಲ್‌ಎ ಪೆಸರಟ್ಟು ಎಂದು ಹೆಸರಾಯಿತಂತೆ. ಗೆದ್ದವರು ತಿಂದದ್ದನ್ನು ಗೆಲ್ಲಬೇಕಾದವರೂ ತಿನ್ನಲಿ ಎಂಬುದು ಅವರ ಅನುಮಾನ ಪ್ರಮಾಣ. ಇದರಲ್ಲಿ ಹೇತ್ವಾಭಾಸವಿದೆ: ಶಾಸಕರಾಗಲು ಪ್ರವೇಶ ಪರೀಕ್ಷೆ ಇಲ್ಲ. ಮೊಟ್ಟೆ ಪಂಥದ ಜಗಳ ಇನ್ನೊಂದು ಬಗೆಯದು. ಮೊಟ್ಟೆ ಸೊನ್ನೆಯ ಆಕಾರ, ಆದ್ದರಿಂದ ಪರೀಕ್ಷೆಯ ದಿನ ನಿಷಿದ್ಧ ಎನ್ನುವವರಿಗೆ ಎದುರಾಗಿ, ಒಂದು ನುಗ್ಗೆಕಾಯಿ ತುಂಡಿನ ಪಕ್ಕ ಎರಡು ಮೊಟ್ಟೆ ಇಟ್ಟರೆ ನೂರಕ್ಕೆ ನೂರು ಎನ್ನುವ ನವ್ಯರೂ ಇದ್ದಾರೆ. ನವೋದಯಕ್ಕೆ ಇದು ಸರಿಹೋದೀತು. ಸೈನಿಕ ಶಾಲೆಯ 300ಕ್ಕೆ 3ರ ಆಕಾರದ ತರಕಾರಿ ಇನ್ನೂ ಸಿಕ್ಕಿಲ್ಲ. ಮುರಿದ ಚಕ್ಕುಲಿಯ ಮೇಲೆ ಸಂಶೋಧನೆ ನಡೆಯಬೇಕಿದೆ.

ಗಟ್ಟಿಯಾದ ಆಕ್ಷೇಪ ವೈದ್ಯರದು. ಮೆದುಳು ತೂಕದಲ್ಲಿ ದೇಹದ ಶೇ. 2ರಷ್ಟು, ಶಕ್ತಿಯ ಖರ್ಚಿನಲ್ಲಿ ಶೇ. 20ರಷ್ಟು, ಮನೆಯ ಲೆಕ್ಕದಲ್ಲಿ ಕೋಚಿಂಗ್ ಫೀಸು ಇದ್ದ ಹಾಗೆ. ಹೀಗಿರುವಾಗ ಮಗುವಿನ ಹೊಟ್ಟೆಯನ್ನು ಕಡೆಗಣಿಸುವುದು ಸರಿಯೇ? ಒಪ್ಪಿದೆ. ಆದರೆ ಆ ಮೆದುಳು ಭಿನ್ನರಾಶಿ ಬಿಡಿಸುವಾಗಲೂ ಕಿಟಕಿಯಾಚೆಯ ಕಾಗೆಯನ್ನು ನೋಡುವಾಗಲೂ ಮಾಡುವ ಖರ್ಚು ಹೆಚ್ಚುಕಡಿಮೆ ಒಂದೇ. ಪರೀಕ್ಷೆಗೆಂದು ವಿಶೇಷ ಇಂಧನ ಅದು ಕೇಳುವುದಿಲ್ಲ. ದಿನಾ ಕೇಳುವುದನ್ನೇ ಕೇಳುತ್ತದೆ. ಹಸಿದ ಮಗುವಿಗೆ ಉಣಿಸಬೇಕು ಎನ್ನುವುದಕ್ಕೆ ಪ್ರಬಂಧವೂ ಬೇಕಿಲ್ಲ. ಗೋದಾವರಿ ಸೀಮೆಯ ಡೊಕ್ಕಾ ಸೀತಮ್ಮ (1841–1909) ಬಾಗಿಲಿಗೆ ಬಂದವರಿಗೆ ಹೊತ್ತುಗೊತ್ತಿಲ್ಲದೆ ಬಡಿಸಿದರು, ಯಾರನ್ನೂ ರ‍್ಯಾಂಕ್ ಕೇಳಲಿಲ್ಲ. ಆಂಧ್ರದ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೆ ಈಗ ಅವರದೇ ಹೆಸರು. ಅದು ವರ್ಷವಿಡೀ ಬಡಿಸುವ ಊಟ. ನಮ್ಮ ವಿವಾದವಿರುವುದು 364 ದಿನ ಮಗು ಏನು ತಿಂದಿತೆಂದು ಕೇಳದೆ 365ನೆಯ ದಿನ ಬಾಯಿಗೆ ತುರುಕುವ ಬಾದಾಮಿಯ ಬಗ್ಗೆ.

ಈಗ ಸಿದ್ಧಾಂತ. ಬೆಂಡೆ, ಒಂದೆಲಗ, ಪೆಸರಟ್ಟು ಯಾವುದರಲ್ಲೂ ಗುಣ ಸಿಗದ ಮೇಲೆ ಉಳಿಯುವುದು ತುತ್ತು ಹಿಡಿದ ಕೈ ಮತ್ತು ಅದರ ಹಿಂದಿನ ಮುಖ. ಮಗು ಊಟದ ರುಚಿ ನೋಡುವ ಮೊದಲು ಆ ಮುಖವನ್ನು ಓದುತ್ತದೆ. ಓದುವುದು ಅದಕ್ಕೆ ಅಭ್ಯಾಸವಾಗಿಬಿಟ್ಟಿದೆ, ಪಾಪ. ಕೇಂದ್ರದ ಗೇಟಿನ ಬಳಿ ನಿಂತು ನೋಡಿದರೆ ಸಾಕು. ಮೊಸರನ್ನ ಉಂಡ ಮಗು ನಿರಾಳವಾಗಿ ಒಳಗೆ ಹೋಗುತ್ತಿರುತ್ತದೆ. ಹರಕೆಯ ಉಪವಾಸದಲ್ಲಿರುವ ತಾಯಿ ಒಣಗಿದ ತುಟಿಯಲ್ಲಿ ‘ಭಯ ಪಡಬೇಡ ಕಣೋ’ ಎಂದು ನಾಲ್ಕನೆಯ ಸಲ ಹೇಳುತ್ತಾಳೆ. ಕಾಫಿಯೊಂದರ ಮೇಲೇ ಬದುಕಿರುವ ತಂದೆ ಬಾಲ್‌ಪೆನ್ನನ್ನು ಮೂರನೆಯ ಸಲ ಅಂಗೈ ಮೇಲೆ ಗೀಚಿ ನೋಡುತ್ತಾನೆ. ಆ ಕ್ಷಣದಲ್ಲಿ ಮಗುವಿನ ಹೊಟ್ಟೆಯಲ್ಲಿ ತಿರುಗುವುದು ಮೊಸರಲ್ಲ. ಎರಡೂ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ; ಕಳೆಯುವುದೇನಿದ್ದರೂ ಗೇಟಿನ ಈಚೆಗೇ.

ಆದ್ದರಿಂದ ಮಗುವಿಗೆ ದಿನದ ಊಟವನ್ನೇ, ದಿನದಷ್ಟೇ ಬಡಿಸಿ. ಪೆಸರಟ್ಟನ್ನು ಅಪ್ಪ ಅಮ್ಮ ತಿನ್ನಿ, ಶುಂಠಿ ಚಟ್ನಿ ಧಾರಾಳವಾಗಿ ಹಾಕಿಸಿಕೊಳ್ಳಿ. ಮೇಲಿನ ಹಸಿ ಈರುಳ್ಳಿ ಮಾತ್ರ ಬೇಡ; ಎರಡೂವರೆ ಗಂಟೆ ಅದೇ ನೆರಳಿನಲ್ಲಿ ಪಕ್ಕಪಕ್ಕ ನಿಲ್ಲುವವರೂ ಯಾರದೋ ಅಪ್ಪ ಅಮ್ಮಂದಿರೇ.