ಹದಿಮೂರು ಸೆಕೆಂಡಿನ ಓಟ, ಮೂವತ್ತು ಗಂಟೆಯ ಕಂಬಳ

ಯುರೋಪಿನ ಫುಟ್‌ಬಾಲ್ ದೊರೆಗಳಿಗೆ 32 ತಂಡ ಸಾಲಲಿಲ್ಲ. 2024ರಿಂದ ಚಾಂಪಿಯನ್ಸ್ ಲೀಗಿನಲ್ಲಿ 36 ತಂಡ. ಮೊದಲು 125 ಪಂದ್ಯಗಳಲ್ಲಿ ಮುಗಿಯುತ್ತಿದ್ದದ್ದು ಈಗ 189 ಪಂದ್ಯ. 1955ರಲ್ಲಿ ಈ ಕೂಟ ಶುರುವಾದಾಗ ಇದ್ದದ್ದು 16 ತಂಡ. ಆಮೇಲೆ 24 ಆಯಿತು, 32 ಆಯಿತು. ಹೆಸರಿಗೆ ಚಾಂಪಿಯನ್ನರ ಲೀಗ್. 2025–26ರ ಸಾಲಿಗೆ ಇಂಗ್ಲೆಂಡ್ ಒಂದರಿಂದಲೇ 6 ತಂಡ ಹೋದವು. ಅದರಲ್ಲೊಂದಾದ ಟಾಟನ್‌ಹ್ಯಾಮ್ ತನ್ನ ದೇಶದ ಲೀಗಿನ 20 ತಂಡಗಳಲ್ಲಿ 17ನೆಯದು. ಇನ್ನೊಂದು ಕಪ್ಪು ಗೆದ್ದಿತ್ತು, ನಿಯಮದ ಪ್ರಕಾರವೇ ಬಂತು ಅನ್ನಿ. ನಿಯಮವೇ ಹಾಗಿರುವಾಗ ಯಾರು ಏನು ಮಾಡಲಿಕ್ಕಾಗುತ್ತದೆ?

ಇದನ್ನು ಓದಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರು ನಗಬಾರದು. ನಮ್ಮ ಕಂಬಳದ ಫಲಿತಾಂಶ ಬರುವ ಸೋಮವಾರದ ಪೇಪರು ತೆರೆದು ನೋಡಿ. ಒಬ್ಬರೇ ಯಜಮಾನರ ಹೆಸರಿನ ಮುಂದೆ ‘ಎ’ ಇರುತ್ತದೆ, ಸ್ವಲ್ಪ ಕೆಳಗೆ ಅದೇ ಹೆಸರಿನ ಮುಂದೆ ‘ಬಿ’ ಇರುತ್ತದೆ. ಇಂಗ್ಲೆಂಡು ಈಗ ಕಲಿತದ್ದನ್ನು ನಾವು ಎಂದೋ ಕಲಿತು ಮುಗಿಸಿದ್ದೇವೆ.

ಈಗ ಪ್ರಶ್ನೆ ಇಷ್ಟೆ: ಕಂಬಳವನ್ನು ವಿಸ್ತರಿಸಬೇಕೋ ಬೇಡವೋ? ಘಟ್ಟದ ಮೇಲಕ್ಕೂ ಒಯ್ಯೋಣ, ಇನ್ನಷ್ಟು ಊರುಗಳಲ್ಲಿ ಓಟದ ಕರೆ ಕಟ್ಟೋಣ, ಇನ್ನಷ್ಟು ಜೋಡಿ ಇಳಿಸೋಣ ಎಂಬ ಮಾತು ಪ್ರತಿ ವೇದಿಕೆಯಲ್ಲೂ ಕೇಳುತ್ತದೆ. ಗಮನಿಸಬೇಕಾದದ್ದು, ಕೇಳುವುದು ವೇದಿಕೆಯಲ್ಲಿ. ಓಟ ಶುರುವಾಗುವ ಗಂತಿನಲ್ಲಿ ಹಗ್ಗ ಹಿಡಿದು ನಿಂತವರ ಬಾಯಲ್ಲಿ ಈ ಮಾತು ಬಂದದ್ದು ನಾನಂತೂ ಕೇಳಿಲ್ಲ. ಅವರಿಗೆ ಶನಿವಾರ ಬೆಳಗ್ಗೆಯಿಂದ ನಿದ್ದೆ ಇರುವುದಿಲ್ಲ.

ವಿಸ್ತರಣೆಯ ಬಗ್ಗೆ ತೀರ್ಪು ಕೊಡುವ ಮೊದಲು ಒಂದು ಚಿಕ್ಕ ಲೆಕ್ಕ ಹಾಕೋಣ. ಒಂದು ಕಂಬಳಕ್ಕೆ 200 ಜೋಡಿ ಕೋಣಗಳು ಬಂದವು ಎಂದಿಟ್ಟುಕೊಳ್ಳಿ. ಸೋತವು ಒಮ್ಮೆ ಓಡಿ ಲಾರಿ ಹತ್ತುತ್ತವೆ, ಗೆದ್ದವು ಮತ್ತೆ ಮತ್ತೆ ಓಡುತ್ತವೆ. ಸರಾಸರಿ ಎರಡೆರಡು ಸಲ ಅನ್ನೋಣ. ಅಲ್ಲಿಗೆ 400 ಓಟ. ಒಂದು ಓಟಕ್ಕೆ 13 ಸೆಕೆಂಡು. ಒಟ್ಟು 5,200 ಸೆಕೆಂಡು. ಜೋಡುಕರೆ ಆದ್ದರಿಂದ ಎರಡು ಜೋಡಿ ಒಟ್ಟಿಗೇ ಓಡುತ್ತವೆ, ಹಾಗಾಗಿ ಅದರಲ್ಲೂ ಅರ್ಧ. ಉಳಿದದ್ದು 43 ನಿಮಿಷ. ಫುಟ್‌ಬಾಲ್ ಪಂದ್ಯವೊಂದರ ಮೊದಲರ್ಧಕ್ಕಿಂತ 2 ನಿಮಿಷ ಕಡಿಮೆ!

ಶನಿವಾರ ಬೆಳಗ್ಗೆ ದೀಪ ಬೆಳಗಿ ಉದ್ಘಾಟನೆಯಾದ ಕಂಬಳದಲ್ಲಿ ನೇಗಿಲು ಹಿರಿಯ ವಿಭಾಗದ ಫೈನಲ್ ಆಗುವಾಗ ಆದಿತ್ಯವಾರ ಮಧ್ಯಾಹ್ನದ ಊಟದ ಹೊತ್ತು. ಸುಮಾರು 30 ಗಂಟೆ. ಅದರಲ್ಲಿ ಕೋಣ ಓಡಿದ್ದು ಮುಕ್ಕಾಲು ಗಂಟೆಗೂ ಕಡಿಮೆ. ಉಳಿದ 29 ಚಿಲ್ಲರೆ ಗಂಟೆ ಏನು ಓಡಿತು ಎಂದು ಹುಡುಕಿದರೆ ವಿಸ್ತರಣೆ ಯಾರಿಗೆ ಬೇಕು ಎಂಬುದೂ ಸಿಗುತ್ತದೆ.

ಮೊದಲು ಗಂತಿಗೆ ಬನ್ನಿ. ಎರಡು ಜೋಡಿ ಬಂದು ನಿಲ್ಲುತ್ತವೆ. ಎಡಗರೆಯ ಜೋಡಿ ಸರಿಯಾಗಿ ನಿಂತಿತು ಅನ್ನುವಾಗ ಬಲಗರೆಯ ಕೋಣ ಒಂದು ಹಿಂದಕ್ಕೆ ತಿರುಗಿ ಬಂದ ದಾರಿ ನೋಡುತ್ತದೆ. ಅದನ್ನು ಆರು ಮಂದಿ ಸೇರಿ ತಿರುಗಿಸುವಷ್ಟರಲ್ಲಿ ಎಡಗರೆಯ ಜೋಡಿಗೆ ಬೇಸರ ಬಂದಿರುತ್ತದೆ. ಹಗ್ಗ ಬಿಗಿ ಮಾಡುತ್ತಾರೆ, ಸಡಿಲ ಮಾಡುತ್ತಾರೆ. ಒಬ್ಬ ನೀರು ಎರಚುತ್ತಾನೆ. ಓಡಿಸುವ ಹುಡುಗ ಬೆತ್ತ ಬದಲಿಸಲು ಹೋಗುತ್ತಾನೆ. ಎದುರಿನ ಜೋಡಿ ನಿಂತು ನಿಂತು ಸುಸ್ತಾಗಲಿ ಎಂದೇ ತಡ ಮಾಡುವ ಜಾಣರೂ ಇದ್ದಾರೆ. ಅದು ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆಯ ಪಟ್ಟಿಯಲ್ಲಿ ಸೇರದ ಇನ್ನೊಂದು ವಿಭಾಗ, ಬಹುಮಾನ ಮಾತ್ರ ಇಟ್ಟಿಲ್ಲ. ಮೈಕಿನವರು ಕನ್ನಡದಲ್ಲಿ ‘ದಯವಿಟ್ಟು ಬೇಗ ಬಿಡಬೇಕು’ ಎಂದು ಶುರು ಮಾಡಿ ‘ಬುಡ್ಲೆ, ಬುಡ್ಲೆ’ ಎಂಬ ತುಳುವಿಗೆ ಇಳಿದು, ಕಡೆಗೆ ಯಾವ ಭಾಷೆಯೂ ಅಲ್ಲದ ಒಂದು ಸ್ವರಕ್ಕೆ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಯಾರೂ ಎಣಿಸದ ಹೊತ್ತಿಗೆ ಎರಡೂ ಜೋಡಿ ಬಿಟ್ಟು, ನೀವು ಚರುಮುರಿ ಪೊಟ್ಟಣದಿಂದ ತಲೆ ಎತ್ತುವುದರೊಳಗೆ ಓಟ ಮುಗಿಯುವ ಮಂಜೊಟ್ಟಿ ಮುಟ್ಟಿ ಆಗಿರುತ್ತದೆ.

ಮಂಜೊಟ್ಟಿಯಲ್ಲಿ ಲೇಸರ್ ಬೀಮ್ ಇದೆ. ಸೆಕೆಂಡಿನ ನೂರರಲ್ಲೊಂದು ಪಾಲನ್ನೂ ಬಿಡದೆ ಹಿಡಿಯುತ್ತದೆ. ಗಂತಿನಲ್ಲಿ ಹೋದ ಅರ್ಧ ಗಂಟೆಯನ್ನು ಹಿಡಿಯುವ ಯಂತ್ರ ಇನ್ನೂ ಬಂದಿಲ್ಲ.

ಇನ್ನು ವೇದಿಕೆ. ಕನೆಹಲಗೆಯ ನಿಯಮ ಗೊತ್ತಲ್ಲ: ಅಲ್ಲಿ ವೇಗ ಲೆಕ್ಕಕ್ಕಿಲ್ಲ, ಹಲಗೆಯ ತೂತಿನಿಂದ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಲೆಕ್ಕ, ಆರೂವರೆ ಕೋಲು, ಏಳೂವರೆ ಕೋಲು ಎಂದು ಮೇಲೆ ನಿಶಾನೆ ಕಟ್ಟಿರುತ್ತಾರೆ. ನಮ್ಮ ವೇದಿಕೆಯ ಮೇಲಿನ ಗಣ್ಯರೆಲ್ಲ ಕನೆಹಲಗೆ ವಿಭಾಗದವರು. ಒಬ್ಬರು ‘ತುಳುನಾಡಿನ ಸಂಸ್ಕೃತಿ’ ಎಂದು ಆರೂವರೆ ಕೋಲಿಗೆ ಚಿಮ್ಮಿಸಿದರೆ, ಮುಂದಿನವರು ‘ವಿಶ್ವಮಟ್ಟ’ ಎಂದು ಏಳೂವರೆಗೆ. ನಿಶಾನೆಗೆ ನೀರು ಹಾಯದವರಿಗೂ ಇಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಖಂಡಿತ. ಕೋಣಗಳಿಗೆ ಆ ಅನುಕೂಲ ಇಲ್ಲ.

ಹಾಗೆಂದು ಕಂಬಳಕ್ಕೆ ಹೆಸರು ಬಂದದ್ದು ವೇದಿಕೆಯಿಂದಲೋ? 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಮೂಡುಬಿದಿರೆ ಕಡೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಮೊಬೈಲ್ ತೆಗೆದು ಭಾಗಿಸಿದರು. 100 ಮೀಟರಿಗೆ 9.55 ಬಂತು. ಉಸೇನ್ ಬೋಲ್ಟನ ವಿಶ್ವದಾಖಲೆ 9.58. ದೆಹಲಿ ಎದ್ದು ಕೂತಿತು. ಕೇಂದ್ರದ ಕ್ರೀಡಾ ಸಚಿವರು ಟ್ವೀಟ್ ಮಾಡಿ ತರಬೇತುದಾರರ ಮುಂದೆ ಓಡಲು ಕರೆದರು. ಗೌಡರು ಶ್ರೇಯಸ್ಸಿನಲ್ಲಿ ಕೋಣಗಳಿಗೂ ಪಾಲು ಕೊಟ್ಟು, ಆ ಟ್ರ್ಯಾಕಿನ ಓಟ ನಮಗಾಗುವಂಥದ್ದಲ್ಲ ಎಂದು ಒಪ್ಪದೆ, ಮುಂದಿನ ಕಂಬಳಕ್ಕೆ ಹೋದರು. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿಗೆ ಮುಗಿಸಿಬಿಟ್ಟರು. ದೆಹಲಿಯವರು ಮೊದಲನೆಯದರ ಲೆಕ್ಕವನ್ನೇ ಸರಿಯಾಗಿ ಮುಗಿಸಿರಲಿಲ್ಲ.

ಕಂಬಳವನ್ನು ಒಲಿಂಪಿಕ್ಸಿನವರೆಗೆ ವಿಸ್ತರಿಸುವ ಈ ಮೊದಲ ಪ್ರಯತ್ನವನ್ನು ತಡೆದದ್ದು ಯಾವ ಕೋರ್ಟೂ ಅಲ್ಲ, ಸ್ವತಃ ಓಡಿದ ಮನುಷ್ಯ. ಈ ಇಡೀ ಚರ್ಚೆಯಲ್ಲಿ ನಾನು ಕಂಡ ಒಂದೇ ಒಂದು ವಿವೇಕದ ನಡೆ ಅದು.

ಕೋರ್ಟಿನ ಮಾತು ಬಂತಲ್ಲ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ಆಮೇಲಿನ ವರ್ಷಗಳಲ್ಲಿ ತಡೆಯಾಜ್ಞೆ, ಪ್ರತಿಭಟನೆ, ಸುಗ್ರೀವಾಜ್ಞೆ, ತಿದ್ದುಪಡಿ. ಅಷ್ಟೂ ವರ್ಷ ನಮ್ಮ ವಾದ ಒಂದೇ: ಕಂಬಳವೆಂದರೆ ಬರೀ ಓಟ ಅಲ್ಲ ಸ್ವಾಮೀ, ಇದು ಈ ಮಣ್ಣಿನದು, ಈ ಗದ್ದೆಯದು, ಈ ದೈವಗಳದು, ಇಲ್ಲಿಂದ ಕಿತ್ತರೆ ಬದುಕುವುದಿಲ್ಲ. 2023ರ ಮೇ 18ರಂದು ಸಂವಿಧಾನ ಪೀಠ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ನವೆಂಬರ್ 25ಕ್ಕೆ ಇಲ್ಲಿಂದ ಕಿತ್ತರೆ ಬದುಕದ ಕಂಬಳ ಲಾರಿ ಏರಿ ಘಾಟಿ ಹತ್ತಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಓಡುತ್ತಿತ್ತು. ಕರೆಯ ಹೆಸರು ರಾಜ–ಮಹಾರಾಜ. ಕಕ್ಯಪದವಿನಲ್ಲಿ ಸತ್ಯ–ಧರ್ಮ, ಹೊಕ್ಕಾಡಿಗೋಳಿಯಲ್ಲಿ ವೀರ–ವಿಕ್ರಮ, ವೇಣೂರಿನಲ್ಲಿ ಸೂರ್ಯ–ಚಂದ್ರ, ಮೂಡುಬಿದಿರೆಯಲ್ಲಿ ಕೋಟಿ–ಚೆನ್ನಯ. ರಾಜಧಾನಿಗೆ ಹೋದೊಡನೆ ಸತ್ಯವೂ ಇಲ್ಲ ಧರ್ಮವೂ ಇಲ್ಲ, ನೇರ ರಾಜ ಮತ್ತು ಮಹಾರಾಜ. ಊರಿನ ಗುಣ ಬಿಡುತ್ತದೆಯೇ?

ಬೆಂಗಳೂರು ಕಂಬಳ ಚೆನ್ನಾಗಿತ್ತು ಎಂದು ಹೋದವರೆಲ್ಲ ಹೇಳುತ್ತಾರೆ. ಊರು ಬಿಟ್ಟು ಇಪ್ಪತ್ತು ವರ್ಷವಾದವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಣ ತೋರಿಸಿದರಂತೆ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಮಕ್ಕಳನ್ನು ಒಮ್ಮೆ ಅಜ್ಜನ ಮನೆಗೆ ಕರೆತರಲು ಬಸ್ ಚಾರ್ಜು ಎಷ್ಟು, 350 ಕಿಲೋಮೀಟರ್ ಕೋಣಗಳನ್ನು ಒಯ್ಯಲು ಎಷ್ಟು ಎಂದು ಯಾರಾದರೂ ಹೋಲಿಸಿ ನೋಡಿದ್ದಾರೆಯೇ? ಇನ್ನೊಂದು ಸಂಕಟವೂ ಇದೆ. ಈ ತಾಲೂಕುಗಳಲ್ಲಿ ಗದ್ದೆ ಅಡಿಕೆ ತೋಟವಾಗಿ, ರಬ್ಬರು ತೋಟವಾಗಿ ಹೋಯಿತು. ಉಳಿದ ಗದ್ದೆಗೆ ಟಿಲ್ಲರ್ ಇಳಿಯುತ್ತದೆ. ಬಂಟ್ವಾಳದ ಕೋಣ ಈಗ ನೇಗಿಲು ನೋಡುವುದು ಕಂಬಳದ ನೇಗಿಲು ವಿಭಾಗದಲ್ಲಿ ಮಾತ್ರ. ಉಳುಮೆ ಕುಗ್ಗಿದಷ್ಟೂ ಉಳುಮೆಯ ಹಬ್ಬ ಹಿಗ್ಗುತ್ತಿದೆ.

ದುಡ್ಡಿಗಾಗಿ ವಿಸ್ತರಣೆಯೋ ಎಂದರೆ ಅಲ್ಲೂ ನಮ್ಮದು ವಿಚಿತ್ರ. 2024–25ರಲ್ಲಿ ಚಾಂಪಿಯನ್ಸ್ ಲೀಗಿಗೆ ಕಾಲಿಟ್ಟ ಪ್ರತಿ ತಂಡಕ್ಕೂ ಬಂದದ್ದಕ್ಕೇ 1.862 ಕೋಟಿ ಯೂರೋ, ನಮ್ಮ ಲೆಕ್ಕದಲ್ಲಿ 160 ಕೋಟಿ ರೂಪಾಯಿಗೂ ಹೆಚ್ಚು. ಎಲ್ಲ ಪಂದ್ಯ ಸೋತರೂ ಅದು ಸಿಗುತ್ತದೆ. ನಮ್ಮಲ್ಲಿ ಯಜಮಾನರು ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಆಳು ಇಟ್ಟು, ಲಾರಿ ಮಾಡಿ, ರಾತ್ರಿಯಿಡೀ ನಿದ್ದೆಗೆಟ್ಟು, ಹಿರಿಯ ವಿಭಾಗವೊಂದರಲ್ಲಿ ಮೊದಲಿಗರಾದರೆ ಎರಡು ಪವನ್ ಚಿನ್ನ. ಎರಡನೆಯದಾದರೆ ಒಂದು ಪವನ್. ಲಾಭದ ಆಸೆಯಿಂದ ಕೋಣ ಕಟ್ಟಿದವರನ್ನು ನಾನು ಇನ್ನೂ ನೋಡಿಲ್ಲ. ‘ಇದು ಮರ್ಯಾದಿಯ ಪ್ರಶ್ನೆ ಮಾರಾಯ್ರೆ’ ಎನ್ನುತ್ತಾರೆ. ಸರಿ. ಆದರೆ ಕಂಬಳ ಹೆಚ್ಚಾದಷ್ಟೂ ಅವರ ಖರ್ಚು ಹೆಚ್ಚುತ್ತದೆ, ಮರ್ಯಾದಿ ಅಷ್ಟೇ ಇರುತ್ತದೆ.

ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ ಎಂಬ ಆಟಗಾರ 2024ರ ಸೆಪ್ಟೆಂಬರಿನಲ್ಲಿ ಪತ್ರಕರ್ತರ ಮುಂದೆ, ಪಂದ್ಯ ವಿಪರೀತವಾಯಿತು, ಆಟಗಾರರು ಮುಷ್ಕರದ ಹತ್ತಿರ ಬಂದಿದ್ದಾರೆ ಎಂದರು. ವಾರ ತುಂಬುವುದರೊಳಗೆ ಮೊಣಕಾಲು ಕೈಕೊಟ್ಟು ಮೈದಾನದಿಂದ ಹೊರಗೆ ಹೋದರು. ಕೋಣಗಳು ಇನ್ನೂ ಪತ್ರಿಕಾಗೋಷ್ಠಿ ಕರೆದಿಲ್ಲ. ಗಂತಿನಲ್ಲಿ ಹಿಂದಕ್ಕೆ ತಿರುಗಿ ನಿಲ್ಲುವುದೇ ಅವುಗಳ ಹೇಳಿಕೆ ಇರಬಹುದು, ನಾವು ಆರು ಮಂದಿ ಸೇರಿ ತಿರುಗಿಸಿಬಿಡುತ್ತೇವೆ.

ಇಷ್ಟಾದರೂ ವಿಸ್ತರಣೆ ಬೇಕೇ ಬೇಕು ಎಂದಾದರೆ ನಾನು ಅಡ್ಡ ಬರುವವನಲ್ಲ. ವಿಸ್ತರಣೆ ಅಂದರೇನು ಎಂದು ಬಿ.ಸಿ.ರೋಡಿನಿಂದ ಅಡ್ಡಹೊಳೆವರೆಗಿನ ಹೆದ್ದಾರಿಯಲ್ಲಿ ವರ್ಷಗಟ್ಟಲೆ ಧೂಳು ಕುಡಿದವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಜೋಡಿಗಳನ್ನು 400 ಮಾಡೋಣ. ಮೂಡುಬಿದಿರೆ ಸಾವಿರ ಕಂಬದ ಬಸದಿ ಇರುವ ಊರು, ಅಲ್ಲಿಯವರು ಸಂಖ್ಯೆಗೆ ಹೆದರುವುದಿಲ್ಲ. ಆಗ ಕೋಣ ಓಡುವುದು ಒಂದೂವರೆ ಗಂಟೆ, ಕಂಬಳ ನಡೆಯುವುದು 60 ಗಂಟೆ. ಶನಿವಾರ ಬೆಳಗ್ಗೆ ಶುರುವಾದದ್ದು ಸೋಮವಾರ ರಾತ್ರಿಗೆ. ಸೋಮವಾರ ಶಾಲೆಗೆ ರಜೆ, ಮಂಗಳವಾರ ನಿದ್ದೆಗೆ ರಜೆ. ಇನ್ನೂ ಹಿಗ್ಗಿಸಿ 800 ಮಾಡಿದರೆ ಐದು ದಿನ. ಗುರುವಾರ ಮಧ್ಯಾಹ್ನ ಕಕ್ಯಪದವಿನಲ್ಲಿ ಬಹುಮಾನ ಕೊಟ್ಟು ಅದೇ ಲಾರಿಯಲ್ಲಿ ವೇಣೂರಿಗೆ ಹೋದರೆ ಶನಿವಾರ ಉದ್ಘಾಟನೆಗೆ ಸರಿಹೋಗುತ್ತದೆ. ನವೆಂಬರಿನಿಂದ ಏಪ್ರಿಲಿನವರೆಗೆ ಇರುವ ಎರಡು ಡಜನ್ ವಾರಾಂತ್ಯಗಳೂ ಈಗಲೇ ಹೆಚ್ಚುಕಡಿಮೆ ತುಂಬಿವೆ. ಉಳಿದಿರುವುದು ವಾರದ ದಿನಗಳು ಮತ್ತು ಮಳೆಗಾಲ. ಮಳೆಗಾಲದಲ್ಲಿ ಕೆಸರಿಗೆ ಖರ್ಚಿಲ್ಲ, ನಮ್ಮ ಹೆದ್ದಾರಿಯಲ್ಲೇ ಓಡಿಸಬಹುದು.

ಇದರಿಂದ ನಿಜವಾಗಿ ಖುಷಿಯಾಗುವವರು ಗೋಳಿಬಜೆಯವರು, ಐಸ್‌ಕ್ರೀಮಿನವರು, ಕುರ್ಚಿ ಬಾಡಿಗೆಯವರು. ಅವರು ‘ಸಂಸ್ಕೃತಿ’ ಎನ್ನುವುದಿಲ್ಲ, ‘ವ್ಯಾಪಾರ ಉಂಟು’ ಎನ್ನುತ್ತಾರೆ. ವಿಸ್ತರಣೆ ಕೇಳುವವರಲ್ಲಿ ಪ್ರಾಮಾಣಿಕರು ಇವರು ಮಾತ್ರ.

ಹಿಂದೆ ಬೀಡಿನ ಗದ್ದೆಯಲ್ಲಿ ಕಂಬಳವಾದರೆ ತೆಂಗಿನಕಾಯಿ, ಬಾಳೆಗೊನೆ ಕೊಟ್ಟು ಸಂಜೆಯೊಳಗೆ ಮುಗಿಸುತ್ತಿದ್ದರು. ಆ ಗದ್ದೆಗೆ ನೇಜಿ ನೆಡುವ ಕೆಲಸ ಕಾಯುತ್ತಿತ್ತು. ಈಗ ಕರೆಗೆ ಬೇರೆ ಕೆಲಸವಿಲ್ಲ, ಆದ್ದರಿಂದ ಅವಸರವೂ ಇಲ್ಲ. 24 ಗಂಟೆಯೊಳಗೆ ಮುಗಿಸಬೇಕು ಎಂಬ ಮಾತು ಸಭೆಗಳಲ್ಲಿ ಬರುತ್ತಲೇ ಇರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪುತ್ತಾರೆ. ಹಾಗೆ ಒಪ್ಪಿದ ಕಂಬಳವೊಂದರಲ್ಲಿ ಆದಿತ್ಯವಾರ ಮಧ್ಯಾಹ್ನ ಕೊನೆಯ ಫೈನಲ್ ಮುಗಿಯಿತು. ಗೆದ್ದ ಕೋಣಗಳನ್ನು ವೇದಿಕೆಯ ಎದುರು ತಂದು ನಿಲ್ಲಿಸಿದರು, ಬ್ಯಾಂಡಿನವರು ಬಾರಿಸಿ ನಿಲ್ಲಿಸಿದರು. ಆಗ ಮೈಕಿನಲ್ಲಿ ಪ್ರಕಟಣೆ ಬಂತು: ‘ಯಾರೂ ಹೋಗಬಾರದಾಗಿ ವಿನಂತಿ. ಬಹುಮಾನ ವಿತರಿಸುವ ಅತಿಥಿಗಳು ಈಗಾಗಲೇ ಬಿ.ಸಿ.ರೋಡ್ ದಾಟಿದ್ದಾರೆ, ಐದೇ ನಿಮಿಷ. ಅಲ್ಲಿಯವರೆಗೆ ಇನ್ನೊಂದು ಸಣ್ಣ ಸನ್ಮಾನ ಉಂಟು.’