ಜೀರ್ಣ ಹ್ಯಾಟು ಮೀಮಾಂಸೆ

ಶಾಸ್ತ್ರವೆನಿಸಿದ ಪ್ರತಿಯೊಂದಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳುಂಟಷ್ಟೆ. ಯೂರೋಪು ಅಮೆರಿಕಗಳ ಗಂಡಸರು ಹಿಂದೊಮ್ಮೆ ಧರಿಸಿ ಬಿಸುಟ ಫೆಲ್ಟ್ ಹ್ಯಾಟುಗಳನ್ನು ಹುಡುಕಿ ಕೂಡಿಡುವ ಶಾಸ್ತ್ರಕ್ಕೆ ಮೊದಲ ಮೂರು ಯಥೇಚ್ಛವಾಗಿವೆ. ನಾಲ್ಕನೆಯದನ್ನು ಕುರಿತು ಸಂಗ್ರಾಹಕನ ಮನೆಯವರು ಎತ್ತಿದ ಪೂರ್ವಪಕ್ಷಕ್ಕೆ ಮಾತ್ರ ಇನ್ನೂ ಸಮಾಧಾನ ದೊರೆತಿಲ್ಲ. ಬಿಸಿಲಿಗೆ ಕೊಡೆಯುಂಟು, ಚಳಿಗೆ ಮಫ್ಲರುಂಟು, ತಲೆಯಾದರೋ ಒಂದೇ. ಹೀಗಿರಲು ಬೀರುವಿನ ತುಂಬ ಹ್ಯಾಟುಗಳೇಕೆ, ಎಂಬುದೇ ಆ ಪೂರ್ವಪಕ್ಷ.

ಸಿದ್ಧಾಂತಿಯ ಮತವಿದು: ಹ್ಯಾಟು ತಲೆಗಾಗಿ ಹುಟ್ಟಿದ ವಸ್ತುವೆಂಬುದು ಪಾಮರರ ಭ್ರಾಂತಿ. ಹ್ಯಾಟಿನ ಪರಮಾರ್ಥವೆಲ್ಲ ಅದರ ಒಳಮೈಯಲ್ಲಿರುವುದರಿಂದಲೂ, ತಲೆಯ ಮೇಲಿಟ್ಟೊಡನೆ ಆ ಒಳಮೈ ಲೋಕಕ್ಕೂ ಧರಿಸಿದವನಿಗೂ ಸಮಾನವಾಗಿ ಮರೆಯಾಗುವುದರಿಂದಲೂ, ಧಾರಣವು ಜ್ಞಾನಕ್ಕೆ ಪ್ರತಿಬಂಧಕವೆಂದೇ ಹೇಳಬೇಕು. ಆದರೂ ಸಂಗ್ರಾಹಕರು ಧರಿಸುತ್ತಾರಲ್ಲ ಎಂದರೆ, ಅದು ಕೇವಲ ಲೋಕಸಂಗ್ರಹಾರ್ಥವೆಂದು ತಿಳಿಯತಕ್ಕದ್ದು.

ಇನ್ನು ಉತ್ಪತ್ತಿಪ್ರಕರಣ. ಫೆಲ್ಟ್ ನೇಯ್ದ ಬಟ್ಟೆಯಲ್ಲ. ಅದಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಮೊಲದ ಅಥವಾ ಬೀವರಿನ ತುಪ್ಪುಳದ ಒಂದೊಂದು ಎಳೆಯ ಮೇಲೂ ಬರಿಗಣ್ಣಿಗೆ ಕಾಣದ ಹುರುಪೆಗಳಿದ್ದು, ಬಿಸಿನೀರು, ಆವಿ, ಒತ್ತಡಗಳಿಗೆ ಸಿಕ್ಕಿದಾಗ ಅವು ಒಂದನ್ನೊಂದು ಕಚ್ಚಿಕೊಂಡು, ದಾಯಾದಿಗಳ ವ್ಯಾಜ್ಯದಂತೆ, ಕೆದಕಿದಷ್ಟೂ ಬಿಗಿಯಾಗುತ್ತವೆ. ಈ ಕಚ್ಚಾಟ ಚುರುಕಾಗಲೆಂದು ಹಿಂದಿನ ಕುಶಲಿಗಳು ತುಪ್ಪುಳಕ್ಕೆ ಪಾದರಸದ ನೈಟ್ರೇಟನ್ನು ಬಳಿಯುತ್ತಿದ್ದರು. ಅದರ ಧೂಮವನ್ನು ಉಸಿರಾಡಿದವರಿಗೆ ಕೈಕಾಲು ನಡುಗಿ ಚಿತ್ತ ಕದಡುತ್ತಿದ್ದುದರಿಂದ, ಅಮೆರಿಕದ ಹ್ಯಾಟುಗಳ ತವರಾದ ಡ್ಯಾನ್‌ಬರಿಯಲ್ಲಿ ಆ ನಡುಕಕ್ಕೆ ಊರಿನ ಹೆಸರೇ ನಿಂತಿತು. 1941ರಲ್ಲಿ ಆ ದೇಶದ ಕಾರ್ಖಾನೆಗಳು ಪಾದರಸವನ್ನು ಕೈಬಿಟ್ಟವು. ಮಾಡುವವರ ಉನ್ಮಾದ ಅಲ್ಲಿಗೆ ಶಮನವಾಯಿತು. ಕೂಡಿಡುವವರ ಉನ್ಮಾದವಾದರೋ ಪಾದರಸದ ಸೋಂಕಿಲ್ಲದೆಯೇ ಬೆಳೆಯುತ್ತಿದೆ. ಕಾರಣವಿಲ್ಲದೆ ಕಾರ್ಯ ಹುಟ್ಟಿದರೆ ಅದು ವಿಭಾವನಾಲಂಕಾರವೆಂದು ಆಲಂಕಾರಿಕರು ವಿಧಿಸಿರುವುದರಿಂದ, ವೈದ್ಯರು ಇದರಲ್ಲಿ ತಲೆಹಾಕಬೇಕಾದ್ದಿಲ್ಲ.

ಕಾಲನಿರ್ಣಯವೇ ಈ ಶಾಸ್ತ್ರದ ಹೃದಯ. ಇಟಲಿಯ ಅಲೆಸ್ಸಾಂಡ್ರಿಯದಲ್ಲಿ 1857ರಲ್ಲಿ ಕಸಬು ಹೂಡಿದ ಜೂಸೆಪ್ಪೆ ಬೊರ್ಸಲಿನೊ, ಫಿಲಡೆಲ್ಫಿಯದಲ್ಲಿ 1865ರಲ್ಲಿ ತೊಡಗಿದ ಜಾನ್ ಸ್ಟೆಟ್ಸನ್ ಇವರಿಬ್ಬರೂ ಗೋತ್ರಪ್ರವರ್ತಕರು. ಹ್ಯಾಟಿನ ಗೋತ್ರವನ್ನು ಮುದ್ರೆ ನೋಡಿ ಯಾರು ಬೇಕಾದರೂ ಹೇಳಿಯಾರು. ಜನ್ಮಸಂವತ್ಸರವನ್ನು ಹೇಳಬೇಕಾದರೆ ಒಳಗಿನ ಚರ್ಮದ ಪಟ್ಟಿಯನ್ನು ಹೊರಮಡಿಸಿ, ಯಾರದೋ ಬೆವರಿನಲ್ಲಿ ಮಾಸಿದ ಚೀಟಿಗಳನ್ನು ಭೂತಗನ್ನಡಿ ಹಿಡಿದು ಓದಬೇಕು. ಅಮೆರಿಕದ ಹ್ಯಾಟು ಕಾರ್ಮಿಕರ ಸಂಘಗಳು 1934ರಲ್ಲಿ ಒಂದಾದುವಾದ್ದರಿಂದ, ಕೂಡಿದ ಸಂಘದ ಹೆಸರುಳ್ಳ ಚೀಟಿಯನ್ನು ಹೊತ್ತ ಹ್ಯಾಟು ಅದಕ್ಕೆ ಹಿಂದಿನದಾಗಲಾರದೆಂಬುದು ಅನುಮಾನಪ್ರಮಾಣ. ಬೆರಳಿಗೆ ಫೆಲ್ಟಿನ ನುಣುಪು ತಿಳಿಯುವುದು ಪ್ರತ್ಯಕ್ಷ. 'ಇದು ನಮ್ಮಜ್ಜನದು, ಒಮ್ಮೆಯೇ ಹಾಕಿಕೊಂಡದ್ದು' ಎಂಬ ಮಾರುವವನ ವಾಕ್ಯವು ಶಬ್ದಪ್ರಮಾಣ. ಈ ಒಂದು ವಿಷಯದಲ್ಲಿ ನಾವು ಚಾರ್ವಾಕರ ಪಕ್ಷ.

ಅಳತೆಯ ವಿಚಾರದಲ್ಲಿ ಆಚಾರ್ಯರಿಗೂ ಗೊಂದಲವುಂಟು. ಮನುಷ್ಯನ ತಲೆ ಅಂಡಾಕಾರವಾಗಿದ್ದರೂ, ಅಮೆರಿಕದವರು ಅದನ್ನು ವೃತ್ತವೆಂದೇ ಭಾವಿಸಿ, ಸುತ್ತಳತೆಯ ಅಂಗುಲಗಳನ್ನು ಪೈಯಿಂದ ಭಾಗಿಸಿ, ಬಂದ ವ್ಯಾಸವನ್ನು ಹ್ಯಾಟಿಗೆ ಸಂಖ್ಯೆಯಾಗಿ ಕೊಡುವರು. 58 ಸೆಂಟಿಮೀಟರಿನ ತಲೆ ಅಲ್ಲಿ 7¼ ಆಗುವುದು. ಈ ಅನ್ಯಾಯಕ್ಕೆ ಪರಿಹಾರವಾಗಿ 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಕನ್‌ಫರ್ಮಾತರ್ ಎಂಬ ಯಂತ್ರವನ್ನು ಕಲ್ಪಿಸಿದರು. ಅದನ್ನು ತಲೆಗೆ ತೊಡಿಸಿದರೆ ಉಬ್ಬುತಗ್ಗುಗಳನ್ನೆಲ್ಲ ಕಿರಿದುಗೊಳಿಸಿ, ಒಂದು ಕಾಗದದ ಮೇಲೆ ಸೂಜಿಗಳಿಂದ ಚುಚ್ಚಿ ತೋರಿಸುವುದು. ಹಾಗೆ ಮೂಡಿದ ಸ್ವಶಿರಸ್ಸಿನ ಆಕೃತಿಯನ್ನು ಕಣ್ಣಾರೆ ಕಂಡ ಮೇಲೂ ಹ್ಯಾಟು ಕೊಂಡವರ ಧೈರ್ಯ ಸ್ತುತ್ಯವಾದುದು.

ಆಚಾರಕಾಂಡವನ್ನು ಬೆಳೆಸುವುದಿಲ್ಲ. ನೆತ್ತಿಯ ಮುಂದಿನ ಚಿವುಟನ್ನು ಹಿಡಿದು ಹ್ಯಾಟೆತ್ತುವವನು ಕಾಲಕ್ರಮದಲ್ಲಿ ಅದನ್ನು ಬಿರಿಯಿಸುವನಾದ್ದರಿಂದ ಪತಿತ. ಸೊಟ್ಟಗಾದ ಅಂಚಿಗೆ ಪ್ರಾಯಶ್ಚಿತ್ತ, ಕುದಿಯುವ ಕೆಟಲಿನ ಆವಿ. ವಾದಕ್ಕೆಡೆಯಿರುವುದು ನುಸಿಹುಳುವಿನ ಪ್ರಕರಣದಲ್ಲಿ ಮಾತ್ರ. ಅದು ತುಪ್ಪುಳವನ್ನು ತಿಂದು ಕಾಗದದ ಚೀಟಿಯನ್ನು ಬಿಡುವುದರಿಂದ, ಫೆಲ್ಟೆಲ್ಲ ಹೋಗಿ ಚೀಟಿ ಉಳಿದರೆ ಹ್ಯಾಟು ಇದೆಯೆನ್ನಬೇಕೋ ಇಲ್ಲವೆನ್ನಬೇಕೋ? ಪ್ರಮಾಣವು ಅಕ್ಷತವಾಗಿರುವಾಗ ಪ್ರಮೇಯದ ಅಭಾವವನ್ನು ದೊಡ್ಡದು ಮಾಡಬಾರದೆಂದು ನಮ್ಮ ಮತ. ಕೊಳ್ಳುವಾಗಿನ ಚೌಕಾಶಿಯಲ್ಲಿ ಮಾತ್ರ ಮಾಡಬಹುದು.